ಅಮ್ಮ ನೋಡಬಾರದ ಅಂಗಡಿ

ತೈವಾನಿನ ಕಾವ್‌ಸ್ಯುಂಗ್ ನಗರಕ್ಕೆ ನಾನೂ ಗಂಡನೂ ಬಂದು ಬರೇ ಒಂದು ತಿಂಗಳಾಗಿತ್ತು. ಅಷ್ಟರಲ್ಲೇ ನಾವು ಆ ಊರಿನ ಪಂಡಿತರಾಗಿದ್ದೆವು. ಅವನಿಗೆ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ, ನನಗೆ ಏಳು ತಿಂಗಳ ಬಸಿರು ಹೊತ್ತು ಊರು ಸುತ್ತುವ ಕೆಲಸ. ಚೀನೀ ಭಾಷೆಯಲ್ಲಿ ನಾವು ಕಲಿತದ್ದು 'ಧನ್ಯವಾದ' ಒಂದೇ. ದಾರಿ ಕೇಳಲಿಕ್ಕೂ ಅದೇ, ಜಗಳಕ್ಕೂ ಅದೇ. ಹೀಗಿರುವಾಗ ಬಾಣಂತನಕ್ಕೆಂದು ಬೆಳ್ತಂಗಡಿ ಬಳಿಯ ನಮ್ಮ ಅಡಿಕೆ ತೋಟದ ಊರು ಮುಂಡಾಜೆಯಿಂದ ಅಮ್ಮ ಬಂದಳು.

ವಿಮಾನ ನಿಲ್ದಾಣದಲ್ಲಿ ಪುಟ್ಟ ನಾಯಿಯೊಂದು ಅವಳ ಚೀಲದ ಮುಂದೆ ಕುಳಿತುಬಿಟ್ಟಿತಂತೆ. ಅಮ್ಮ ಪ್ರೀತಿಯಿಂದ ಅದರ ತಲೆ ಸವರಿದಳಂತೆ. ಎರಡೇ ನಿಮಿಷದಲ್ಲಿ ಅವಳ ವೀಳ್ಯದೆಲೆ, ಅಡಿಕೆ ಎಲ್ಲವೂ ಸರಕಾರದ ಪಾಲಾಯಿತು. ದಿನಕ್ಕೆ ಐದು ಸಲ ಎಲೆ ಅಡಿಕೆ ಹಾಕುವ ಹೆಂಗಸು, ನಾಲ್ಕು ದಿನ ಬಾಯಿ ಮುಚ್ಚಿ ಕುಳಿತಳು. ಐದನೆಯ ದಿನ ಬಾಯಿ ತೆರೆದಳು.

"ನನಗೆ ಇಲ್ಲಿ ಆಗುವುದಿಲ್ಲ ಮಾರಾಯ್ತಿ. ಬರುವ ಶನಿವಾರ ಟಿಕೆಟ್ ಉಂಟಾ ನೋಡು."

ನನಗೋ ಚೊಚ್ಚಲ ಹೆರಿಗೆ, ಭಾಷೆ ಬಾರದ ಊರು. ಗಂಡನಿದ್ದ, ನಿಜ. ಮಗುವನ್ನು ಎತ್ತಿಕೊಳ್ಳುವುದು ಹೇಗೆಂದು ವಿಡಿಯೋ ನೋಡಿ ಅವನು ದಿಂಬಿನ ಮೇಲೆ ಅಭ್ಯಾಸ ನಡೆಸಿದ್ದ. ದಿಂಬು ಈಗಾಗಲೇ ಎರಡು ಸಲ ನೆಲಕ್ಕೆ ಬಿದ್ದಿತ್ತು.

"ಅತ್ತೆಗೆ ಊರು ತೋರಿಸುವ. ಮತ್ತೆ ಅವರು ಹೋಗ್ತೇನೆ ಅಂತ ಹೇಳುವುದೇ ಇಲ್ಲ," ಎಂದ ಗಂಡ. ಮೂಡುಬಿದಿರೆಗೆ ಬಂದ ನೆಂಟರಿಗೆಲ್ಲ ಬಸದಿ ತೋರಿಸಿ ಬೆಳೆದವನು. ತೋರಿಸಿದರೆ ಎಲ್ಲ ಸರಿಹೋಗುತ್ತದೆಂದು ಅವನ ನಂಬಿಕೆ.

ಮೊದಲು ಮೆಟ್ರೋ. ಪಿಸುಮಾತೂ ಇಲ್ಲದ ಬೋಗಿಯಲ್ಲಿ ಅಮ್ಮ ಸುತ್ತ ನೋಡಿ, "ಯಾರಾದರೂ ತೀರಿಕೊಂಡಿದ್ದಾರಾ?" ಎಂದು ಕೇಳಿದಳು. ಬೆಳ್ತಂಗಡಿ ಬಸ್ಸಿನಲ್ಲಿ ಹಾಡು, ಹಾರ್ನು, ಕಂಡಕ್ಟರನ ಬೈಗುಳ ಎಲ್ಲ ಟಿಕೆಟಿನ ಜೊತೆಗೇ ಬರುತ್ತವೆ. ಇಲ್ಲಿ ಅಡಿಕೆ ಜಗಿಯಬಾರದೆಂದು ಇಂಗ್ಲಿಷಿನಲ್ಲಿ ಫಲಕ ಬೇರೆ ಇತ್ತು. ನನ್ನ ಸಂಶೋಧಕ ಗಂಡ ಅದನ್ನೂ ನಾಯಿಯ ಸಂಗತಿಯನ್ನೂ ಕೂಡಿಸಿ, ಈ ದೇಶದಲ್ಲಿ ಅಡಿಕೆಯೇ ನಿಷೇಧ ಎಂಬ ಸಿದ್ಧಾಂತ ಮಂಡಿಸಿದ. ಅಮ್ಮನ ಮುಖ ಇನ್ನಷ್ಟು ಇಳಿಯಿತು.

ಆಮೇಲೆ ಊಟ. ದಾರಿಯಲ್ಲೊಂದು ಬಾಗಿಲ ಮೇಲೆ ಸ್ವಸ್ತಿಕ ಕಂಡದ್ದೇ ಅಮ್ಮ ಚಪ್ಪಲಿ ಕಳಚಿಟ್ಟು, ಕೈಮುಗಿದು ಒಳಗೆ ಹೋದಳು. ನಾವೂ ಹಿಂಬಾಲಿಸಿದೆವು. ಒಳಗೆ ಗರ್ಭಗುಡಿ ಇರಲಿಲ್ಲ, ನೂಡಲ್ಸ್ ಇತ್ತು. ಅಲ್ಲಿ ಸಸ್ಯಾಹಾರದ ಹೋಟೆಲುಗಳಿಗೆ ಅದೇ ಗುರುತಂತೆ. ಹೋಟೆಲಿನವಳು ನಮ್ಮ ಮೂರು ಜೊತೆ ಚಪ್ಪಲಿಗಳನ್ನೂ ಎತ್ತಿ ತಂದು ಮೇಜಿನ ಪಕ್ಕ ಇಟ್ಟಳು. ತಿಂಗಳಿಡೀ ಇಲ್ಲಿ ಸಸ್ಯಾಹಾರವೇ ಸಿಗುವುದಿಲ್ಲವೆಂದು ಬ್ರೆಡ್ಡು ತಿಂದ ಪಂಡಿತರು ನಾವು.

ಕತ್ತಲಾದ ಮೇಲೆ ಪೇಟೆಯ ರಾತ್ರಿ ಸಂತೆ ತೋರಿಸಿ, ನಡೆದು ಮನೆಗೆ ಹೊರಟೆವು. ನಮ್ಮ ರಸ್ತೆಯಲ್ಲೊಂದು ಗಾಜಿನ ಗೂಡಂಗಡಿ. ಸುತ್ತ ಬಣ್ಣಬಣ್ಣದ ದೀಪ, ಒಳಗೆ ತುಂಡು ಬಟ್ಟೆಯ ಹುಡುಗಿ, ಎದುರಿಗೆ ಲಾರಿ ನಿಲ್ಲಿಸುವ ಡ್ರೈವರುಗಳು. ಅದು ಎಂಥ ಅಂಗಡಿಯೆಂದು ನಮಗೆ ಮೊದಲ ವಾರವೇ 'ಅರ್ಥ'ವಾಗಿತ್ತು. ಅದು ಬಂತೆಂದರೆ ನಾನು ಗಂಡನ ಕೈಹಿಡಿದು ರಸ್ತೆ ದಾಟಿಸಿಬಿಡುತ್ತಿದ್ದೆ. ಅಂದೂ ದಾಟಿದೆವು. ಅಮ್ಮ ದಾಟಲಿಲ್ಲ.

"ಆ ಹುಡುಗಿ ಏನು ಕೆತ್ತುವುದು ಅಲ್ಲಿ?"

"ಅತ್ತೆ, ಬನ್ನಿ. ಅದು ನಾವು ನೋಡುವಂಥದ್ದಲ್ಲ."

"ಹುಟ್ಟಿದಂದಿನಿಂದ ನಾನು ನೋಡುವುದು ಅದನ್ನೇ," ಎಂದು ಅಮ್ಮ ಗಾಜಿನ ಬಾಗಿಲು ತಳ್ಳಿದಳು.

ಹುಡುಗಿಯ ಮುಂದೆ ಬುಟ್ಟಿ ತುಂಬ ಹಸಿ ಅಡಿಕೆ! ಎಲೆಗೆ ಸುಣ್ಣ ಸವರಿ, ಅಡಿಕೆಗೆ ಸುತ್ತಿ, ಪೊಟ್ಟಣ ಕಟ್ಟಿ ಮಾರುವುದೇ ಅವಳ ಕೆಲಸ; ಆ ದೀಪ, ಆ ಬಟ್ಟೆ ಎಲ್ಲ ಗಿರಾಕಿಗಳನ್ನು ಸೆಳೆಯಲಿಕ್ಕಂತೆ. ಅಮ್ಮ ಒಂದನ್ನು ಬಾಯಿಗೆ ಹಾಕಿ, "ಥೂ, ಎಳೆ ಕಾಯಿ," ಎಂದು ಮುಖ ಕಿವುಚಿದಳು, ಉಗುಳಲಿಲ್ಲ. ಮತ್ತೆ ಹುಡುಗಿಯ ಕೈಯಿಂದ ಚೂರಿ ತೆಗೆದುಕೊಂಡು ತೊಟ್ಟು ಹಾರಿಸತೊಡಗಿದಳು. ಹುಡುಗಿ ಮೊದಲು ಬೆಚ್ಚಿದಳು, ಆಮೇಲೆ ಕೈಯ ವೇಗ ನೋಡಿ ತನ್ನ ಸ್ಟೂಲನ್ನೇ ಬಿಟ್ಟುಕೊಟ್ಟಳು. ನಾವಿಬ್ಬರೂ ಹೊರಗೆ ನಿಂತು, ನಮಗೆ ಬರುವ ಒಂದೇ ಶಬ್ದವನ್ನು ಮತ್ತೆ ಮತ್ತೆ ಹೇಳಿದೆವು.

ದಾರಿಯಲ್ಲಿ ನನಗೆ ಸಿಟ್ಟು ಉಕ್ಕಿತು. "ಮಗಳಿಗೋಸ್ಕರ ಉಳಿಯದವಳು ಇನ್ನು ಅಡಿಕೆಗೋಸ್ಕರ ಉಳಿಯಬಹುದು," ಎಂದೆ.

ಅಮ್ಮ ನನ್ನ ಕಡೆ ತಿರುಗಿದಳು.

"ಅಡಿಕೆ ಅಲ್ಲ ಮಗಳೇ. ನನಗೆ ಇಲ್ಲಿ ಬಾಗಿಲು ತೆಗೆಯಲಿಕ್ಕೆ ಗೊತ್ತಿಲ್ಲ, ಒಲೆ ಹಚ್ಚಲಿಕ್ಕೆ ಗೊತ್ತಿಲ್ಲ, ನಳ್ಳಿ ತಿರುಗಿಸಲಿಕ್ಕೂ ನಿನ್ನ ಗಂಡನನ್ನು ಕರೆಯಬೇಕು. ಹೆರಿಗೆ ಹೊತ್ತಿಗೆ ನಾನು ನಿನ್ನನ್ನು ನೋಡುವುದು ಬಿಟ್ಟು, ನೀವು ನನ್ನನ್ನೇ ನೋಡಿಕೊಳ್ಳಬೇಕಾಗ್ತದಲ್ಲಾ ಅಂತ ಹೆದರಿಕೆ ಆಯಿತು. ಇವತ್ತು ಆ ಚೂರಿ ಹಿಡಿದಾಗ, ನನ್ನ ಕೈಗೆ ಇಲ್ಲಿಯೂ ಕೆಲಸ ಬರ್ತದೆ ಅಂತ ಕಂಡಿತು."

ನನಗೆ ನಾಚಿಕೆಯಾಯಿತು. ನಾಲ್ಕು ದಿನ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತದ್ದನ್ನು ನಾನು ಅಡಿಕೆ ಸಿಗದ ಮುನಿಸೆಂದು ತಿಳಿದಿದ್ದೆ.

ಮನೆಗೆ ಬಂದದ್ದೇ ಅಮ್ಮ, "ಆ ಕೀಂ ಅಂತ ಕೂಗುವ ಕರೆಂಟು ಒಲೆ ಹೇಗೆ ಹಚ್ಚುವುದು, ತೋರಿಸು," ಎಂದಳು. ತೋರಿಸಿದೆ. ಮೂರನೆಯ ಸಲ ಅವಳ ಬೆರಳು ತಾಗಿದ್ದೇ ಒಲೆ ಹೊತ್ತಿಕೊಂಡಿತು. ನಮ್ಮಲ್ಲಿದ್ದ ಅತಿ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಸೊಂಟಕ್ಕೆ ಕೈಕೊಟ್ಟು ಅದನ್ನೇ ನೋಡುತ್ತ ನಿಂತಳು.

"ಬಾಣಂತಿ ಸ್ನಾನಕ್ಕೆ ಇದು ಯಾವ ಮೂಲೆಗೂ ಸಾಲುವುದಿಲ್ಲ," ಎಂದಳು. "ನಾಳೆ ಹೋಗಿ ದೊಡ್ಡದು ತರುವ."