ಕತ್ತಲಾದರೆ ಒದರುವ ಮರಿ

ನಮ್ಮ ಮನೆಯ ಸಕ್ಕರೆ ಡಬ್ಬಿ ಬೈಯುತ್ತದೆ. ದಿನದಲ್ಲಿ ಮೂರನೇ ಸಲ ಮುಚ್ಚಳ ತೆರೆದರೆ ಸಾಕು, "ಎಷ್ಟ ಚಾ ಕುಡೀತೀರಿ ದಿನಕ್ಕ? ಸಾಕ ಮಾಡ್ರಿ!" ಎಂದು ಒಳಗಿನಿಂದ ಹೆಣ್ಣು ದನಿ ಬರುತ್ತದೆ. ಆ ದನಿ ನನ್ನದೇ. ನಾನು ಬೈಯುವಾಗ ನನ್ನ ಗಂಡ ಕದ್ದು ಮೊಬೈಲಿನಲ್ಲಿ ತುಂಬಿಕೊಂಡು ಡಬ್ಬಿಗೆ ಹಾಕಿದ್ದರು. ಮೊದಲ ದಿನ ನಕ್ಕೆ. ಮರುದಿನ ಕೇಳಿದಾಗ, ಈ ಹೆಂಗಸಿಗೆ ಎಷ್ಟು ಸುಸ್ತಾಗಿದೆಯಲ್ಲ ಎನ್ನಿಸಿತು. ನಾನು ಇಷ್ಟು ದಣಿದಿದ್ದೇನೆ ಎಂದು ನನಗೆ ಗೊತ್ತಾದದ್ದು ಒಂದು ಸಕ್ಕರೆ ಡಬ್ಬಿಯಿಂದ.

ನಮ್ಮವರು ಮರಾಠಿ ಗಡಿಯ ಅಕ್ಕಲಕೋಟದಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಡೆದ ಪರದೆ, ಉಬ್ಬಿದ ಬ್ಯಾಟರಿಗಳ ನಡುವೆ ಕೂತು ಕೂತು ಬೇಜಾರಾಗಿ, ಯಾರೋ ಮರಾಠಿಯಲ್ಲಿ ಹೇಳಿಕೊಡುವ ವಿಡಿಯೋ ನೋಡಿ ಹೊಸ ಹುಚ್ಚು ಹಚ್ಚಿಕೊಂಡರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ನೀಲಿ ಬೋರ್ಡು. ಕಂಪ್ಯೂಟರಿನಿಂದ ಅದಕ್ಕೆ ಒಮ್ಮೆ ಹೇಳಿಕೊಟ್ಟರೆ ಹೇಳಿದ್ದನ್ನು ಮರೆಯದೆ ಮಾಡುತ್ತಲೇ ಇರುತ್ತದೆ. ಮೈಕ್ರೋಕಂಟ್ರೋಲರ್ ಅಂತೆ. "ನಿಮಗಿಂತ ಶಾಣ್ಯಾ ಐತಿ ಬಿಡ್ರಿ, ಒಮ್ಮೆ ಹೇಳಿದರ ತಿಳಕೋತೈತಿ" ಎಂದೆ. ಅವರಿಗೆ ಅದು ಬೈಗುಳವೆನ್ನಿಸಲೇ ಇಲ್ಲ, ಬೋರ್ಡನ್ನು ಹೊಗಳಿದೆನೆಂದು ಖುಷಿಪಟ್ಟರು.

ಸಂಡಿಗೆ ಒಣಹಾಕಿದಾಗ ಕಾಗೆ ಬಾರದಿರಲೆಂದು ಒಂದು ಕೈ ಮಾಡಿದ್ದರು. ರಬ್ಬರ್ ಗ್ಲೌಸಿನೊಳಗೆ ಅರಿವೆ ತುಂಬಿ, ಕೆಳಗೆ ಸಣ್ಣ ಮೋಟಾರು ಕೂಡಿಸಿದ್ದು. ಎದುರಿಗೆ ಏನು ಅಲುಗಾಡಿದರೂ ಅದು ಬೀಸುತ್ತಿತ್ತು. ಕಾಗೆಗಳು ಬೇಗನೆ ರೂಢಿ ಮಾಡಿಕೊಂಡು ಅದರ ಪಕ್ಕದಲ್ಲೇ ಕೂತು ಸಂಡಿಗೆ ತಿಂದವು. ಓಣಿಯ ಜನ ಮಾತ್ರ ಹೋಗುವಾಗ ಬರುವಾಗ ನಮ್ಮ ಮಾಳಿಗೆಯ ಕಡೆ ತಿರುಗಿ ತಾವೂ ಕೈ ಬೀಸತೊಡಗಿದರು.

ನಾನು ಸೋಲಾಪುರದ ನವಿ ಪೇಠದಲ್ಲಿ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಎಸ್ಟಿ ಬಸ್ಸು ಹಿಡಿಯಬೇಕು. ಅಲ್ಲಿ ಹೋದ ಮೇಲೆ ದಿನವಿಡೀ ಸೀರೆ ಬಿಚ್ಚುವುದು, ಹರಡುವುದು, ಗಿರಾಕಿ ಏನೂ ಕೊಳ್ಳದೆ ಎದ್ದು ಹೋದ ಮೇಲೆ ಮತ್ತೆ ಮಡಿಚುವುದು. ಲಗ್ನಸರಾಯಿಯಲ್ಲಂತೂ, ಮದುವೆಗಳ ಹಂಗಾಮಿನಲ್ಲಿ, ಕೂಡಲು ಸ್ಟೂಲಿದ್ದರೂ ಕೂಡುವ ಹೊತ್ತಿರುವುದಿಲ್ಲ. ಸಂಜೆ ಮನೆಗೆ ಬಂದು ಕಾಲು ಚಾಚುವಷ್ಟರಲ್ಲಿ ನಮ್ಮವರು ಕೈಯಲ್ಲಿ ಏನಾದರೂ ಹಿಡಿದುಕೊಂಡು "ಏ, ಇಲ್ನೋಡಿಲ್ಲಿ" ಎಂದು ಬರುತ್ತಿದ್ದರು. "ರೊಟ್ಟಿ ಬಡಿಯೂ ಮಿಷನ್ ಮಾಡ್ರಿ, ಆವಾಗ ನೋಡ್ತೀನಿ" ಎಂದು ಕಣ್ಣು ಮುಚ್ಚುತ್ತಿದ್ದೆ.

ಮಗಳ ಮದುವೆಯಾದ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರು ಮತ್ತು ಅತ್ತೆ. ಅತ್ತೆ ನಂದೇಶ್ವರದ ಕಡೆಯವರು. ಹುಟ್ಟಿದ್ದು ಕುರಿಗಳ ನಡುವೆ, ಬಾಳಿದ್ದು ಕುರಿಗಳ ಹಿಂದೆ. ಮಾವ ತೀರಿಕೊಂಡ ಮೇಲೆ ಕುರಿಗಳನ್ನು ಬಳಗದವರಿಗೆ ಒಪ್ಪಿಸಿ ಮಗನ ಮನೆಗೆ ಬಂದಿದ್ದರು. ಎಷ್ಟೋ ವರ್ಷ ಕುರಿಯ ಮಾತೇ ಎತ್ತಲಿಲ್ಲ. ಈಗೀಗ ನೆನಪು ಹೋಗುತ್ತಾ ಬಂದು, ಉಂಡದ್ದು ಮರೆತರು, ನಾನು ಯಾರೆಂಬುದು ಮರೆತರು, ಇದು ಯಾವ ಊರೆಂಬುದು ಮರೆತರು. ಕುರಿ ಮಾತ್ರ ಉಳಿಯಿತು.

ಬಿಸಿಲು ಇಳಿಯುತ್ತಿದ್ದಂತೆ "ಕುರಿ ಇನ್ನಾ ಬಂದಿಲ್ಲಲ್ಲೋ ಯಪ್ಪಾ" ಎಂದು ಎದ್ದು ಹಿಂಬಾಗಿಲಿನಿಂದ ಹೊರಟುಬಿಡುತ್ತಿದ್ದರು. ಅಂಗಡಿಯಲ್ಲಿ ಗಿರಾಕಿಗಳ ಗದ್ದಲವೂ ಅದೇ ಹೊತ್ತಿಗೆ. ನಮ್ಮವರು ಬೆಸುಗೆಯಿಂದ ತಲೆ ಎತ್ತುವಷ್ಟರಲ್ಲಿ ಅತ್ತೆ ಓಣಿ ದಾಟಿರುತ್ತಿದ್ದರು. ಒಮ್ಮೆ ಸೋಲಾಪುರ ರಸ್ತೆಯ ಅಂಚಿನಲ್ಲಿ, ಟ್ರಕ್ಕುಗಳು ಹಾಯುವ ಕಡೆ, ಇಲ್ಲದ ಹಿಂಡನ್ನು ಕರೆಯುತ್ತಾ ನಡೆದಿದ್ದರು. ಒಬ್ಬ ಟೆಂಪೋದವ ಕೂಡಿಸಿಕೊಂಡು ಬಂದು ಬಿಟ್ಟ. ಇನ್ನೊಂದು ಸಂಜೆ ನಾನೇ, ಬಸ್ಸಿಳಿದು ಮನೆಗೆ ಬಂದವಳು, ನೀರೂ ಕುಡಿಯದೆ ಹುಡುಕಲು ಓಡಿದೆ. ಸಿಕ್ಕಾಗ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

"ಹಿಂದಿನ ಬಾಗಲಕ್ಕ ಕೀಲಿ ಹಾಕೂಣ್ರಿ" ಎಂದೆ.

"ನಮ್ಮವ್ವ ಬಯಲಾಗ ಮಲಗಿ ಎದ್ದಾಕಿ. ಕೀಲಿ ಅಂದ್ರೇನ ಗೊತ್ತಿಲ್ಲ ಆಕಿಗಿ. ಬಾಗಲಾ ಜಗ್ಗಿ ಜಗ್ಗಿ ಸಾಯ್ತಾಳ."

"ರೋಡಿನ ಮ್ಯಾಲ ಸತ್ತರ?"

ನಮ್ಮವರು ಎದ್ದು ಅಂಗಡಿಗೆ ಹೋಗಿ ದೀಪ ಹಾಕಿಕೊಂಡು ಕೂತರು. ಸಿಟ್ಟು ಬಂದರೂ ಬೋರ್ಡು, ದುಃಖವಾದರೂ ಬೋರ್ಡು, ಅವರ ಸ್ವಭಾವವೇ ಹಾಗೆ.

ಮೊದಲು ಹಿಂಬಾಗಿಲಿಗೆ ಒಂದು ಗಂಟೆ ಮಾಡಿದರು. ಬಾಗಿಲು ಅಲುಗಿದರೆ ಅಂಗಡಿಯಲ್ಲಿ ಸದ್ದಾಗುತ್ತಿತ್ತು. ಅದು ಅತ್ತೆಗೂ ಬಡಿಯಿತು, ಬೆಕ್ಕಿಗೂ ಬಡಿಯಿತು, ಗಾಳಿಗೂ ಬಡಿಯಿತು. ಕೊನೆಗೆ ನಮ್ಮವರೇ ಅದನ್ನು ಕೇಳಿಸಿಕೊಳ್ಳುವುದನ್ನು ಬಿಟ್ಟರು. ಆಮೇಲೆ ಅವರಿಗೆ ಹೊಳೆದದ್ದು ಬೇರೆ ದಾರಿ. ಅವ್ವ ಕುರಿ ಹುಡುಕಿಕೊಂಡು ಹೋಗುವ ಬದಲು ಕುರಿಯೇ ಮನೆಗೆ ಬಂದರೆ?

ಹಳೆಯ ಖುರ್ಚಿಯ ಸ್ಪಂಜು ಕತ್ತರಿಸಿ ಕುರಿಮರಿಯ ಮೈ ಮಾಡಿದರು. ಅತ್ತೆಯದೇ ಹರಿದ ಕಂಬಳಿಯನ್ನು ಮೇಲೆ ಹೊದಿಸಿದರು. ಹೊಟ್ಟೆಯೊಳಗೆ ಬೋರ್ಡು, ಸತ್ತ ಮೊಬೈಲಿನ ಸ್ಪೀಕರು, ಕುತ್ತಿಗೆ ಅಲ್ಲಾಡಿಸಲು ಮೋಟಾರು. ಹಣೆಯಲ್ಲಿ ಕಾಳಿನಷ್ಟು ಚಿಕ್ಕ ಕಣ್ಣು, ಬೆಳಕು ಇದೆಯೋ ಇಲ್ಲವೋ ಎಂದು ತಿಳಿಯುವಂಥದು. ಸಂಜೆಯಾಗಿ ಬೆಳಕು ಕಡಿಮೆಯಾದರೆ ಮರಿ ತುಸು ಹೊತ್ತು ಒದರಬೇಕು, ಅತ್ತೆಗೆ ಕುರಿ ಬಂದವೆಂದು ಸಮಾಧಾನವಾಗಬೇಕು. ನಿಜವಾದ ಮರಿಯ ದನಿಯನ್ನು ಮೊಬೈಲಿನಲ್ಲಿ ತುಂಬಿಕೊಂಡು ತರಲು ಅಂಗಡಿ ಒಂದು ದಿನ ಮುಚ್ಚಿ ನಂದೇಶ್ವರಕ್ಕೇ ಹೋಗಿ ಬಂದರು. ನಾನು ಮುಖ ತಿರುಗಿಸಿಕೊಂಡಿದ್ದೆ. ಆದರೆ ಕಿವಿ ಎಷ್ಟು ಚೆಂದ ಹೊಲಿದಿದ್ದರೆಂದರೆ, ಅವರಿಲ್ಲದಾಗ ಒಮ್ಮೆ ಮುಟ್ಟಿ ನೋಡಿದೆ.

ಮೊದಲ ಸಂಜೆ ಮರಿ ಒದರಿದಾಗ ಅತ್ತೆಯ ಮುಖ ನೋಡಬೇಕಿತ್ತು. "ಬಂದ್ಯಾ ನನ ಕೂಸ" ಎಂದು ಎರಡೂ ಕೈ ಚಾಚಿದರು. ಕುರುಬರ ದೇವರು ಬೀರೋಬಾನ ಭಂಡಾರವನ್ನು ಅದರ ಹಣೆಗೆ ಹಚ್ಚಿದರು. ಅರಿಶಿನದ ಪುಡಿ ಆ ಚಿಕ್ಕ ಕಣ್ಣಿಗೆ ಮೆತ್ತಿಕೊಂಡಿತೆಂದು ನಮ್ಮವರು ಅತ್ತೆ ಮಲಗಿದ ಮೇಲೆ ಹತ್ತಿಯಿಂದ ಒರೆಸಿದರು. ಆ ಕೆಲವು ದಿನ ಅತ್ತೆ ಎಲ್ಲಿಗೂ ಹೋಗಲಿಲ್ಲ. ನಾನು ಬಂದಾಗ ಮರಿಯ ಮುಂದೆ ಮೆಂತ್ಯೆ ಕಡ್ಡಿ ಹಾಕಿಕೊಂಡು ಕೂತಿರುತ್ತಿದ್ದರು. ಎಷ್ಟೋ ತಿಂಗಳ ಮೇಲೆ ಚಹಾವನ್ನು ಬಿಸಿಯಾಗಿರುವಾಗಲೇ ಕುಡಿದೆ. "ನಿಮ್ಮ ಜನ್ಮದಾಗ ಇದೊಂದು ಕೆಲಸಾ ಮಾಡೀರಿ ನೋಡ್ರಿ" ಎಂದೆ. ನಮ್ಮವರಿಗೆ ಮೆಡಲು ಕೊಟ್ಟಷ್ಟು ಸಂತೋಷ.

ಆಮೇಲೆ ಅತ್ತೆ ಊಟ ಬಿಟ್ಟರು. ಹಾಲಿನಲ್ಲಿ ಹಿಸುಕಿಟ್ಟ ರೊಟ್ಟಿಯನ್ನು ಮರಿಯ ಬಾಯಿಗೆ ಒರೆಸುತ್ತಿದ್ದರು. "ಇದರ ತಾಯಿ ಎಲ್ಲಿ? ತಾಯಿಲ್ಲದ ಮರಿ ತಂದೀರಿ" ಎಂದು ಒಂದೇ ಸಮನೆ ಕೇಳುತ್ತಿದ್ದರು. ಬರೀ ಸಂಜೆ ಒದರಬೇಕಾದ ಮರಿ ಹಗಲಿನಲ್ಲೂ ಒದರತೊಡಗಿತ್ತು. ನಮ್ಮವರು ಬಿಚ್ಚಿ ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತಿತ್ತು. "ಅತ್ತಿ, ಇದು ಆಟಿಗಿ ಸಾಮಾನ ರೀ, ಇದಕ್ಕ ತಾಯಿ ಇರೂದಿಲ್ಲ" ಎಂದು ನಾನು ಹೇಳಿದರೆ ಕಲ್ಲೆದೆಯವಳನ್ನು ನೋಡಿದಂತೆ ನೋಡುತ್ತಿದ್ದರು. ಅವರ ತೋಳು ದಿನದಿಂದ ದಿನಕ್ಕೆ ಸಣ್ಣಗಾಗುತ್ತಿತ್ತು.

ಹಾಗಿರುವಾಗ ಒಂದು ಗುರುವಾರ ನವಿ ಪೇಠದಿಂದ ಹೊರಡುವಾಗ ನಾನೇ ಒಂದು ಬೀಗ ಕೊಂಡೆ. ಯಾರನ್ನೂ ಕೇಳುವುದು ಬೇಡ, ಹೋದವಳೇ ಹಾಕಿಬಿಡುವುದು ಎಂದು ನಿರ್ಧರಿಸಿದ್ದೆ. ಗುರುವಾರ ಅಕ್ಕಲಕೋಟದ ಸ್ವಾಮಿಗಳ ದರ್ಶನಕ್ಕೆ ಹೋಗುವ ಜನ, ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರ್ಧ ದಾರಿ ಕಳೆದರೂ ಸೀಟು ಸಿಗಲಿಲ್ಲ. ದಾರಿಯುದ್ದಕ್ಕೂ ನಿಂತೇ ಬಂದೆ.

ಸ್ಟ್ಯಾಂಡಿನಲ್ಲಿ ಇಳಿದಾಗ ಕಬ್ಬಿನ ಹಾಲಿನ ಗಾಡಿಯ ಹತ್ತಿರ ಜನ ಸೇರಿದ್ದರು. ಎಲ್ಲೋ ಮರಿ ಒದರುತ್ತಿದೆ ಎಂದುಕೊಂಡು ಎರಡು ಹೆಜ್ಜೆ ಇಟ್ಟೆ. ಆಮೇಲೆ ಗುರುತು ಹತ್ತಿತು. ಅದು ನಮ್ಮನೆಯ ದನಿ.

ಅತ್ತೆ ಸೆರಗಿನೊಳಗೆ ಮರಿಯನ್ನು ಅವುಚಿಕೊಂಡು, ದರ್ಶನ ಮುಗಿಸಿ ಬಸ್ಸಿಗೆ ನಿಂತ ಹೆಂಗಸರ ಬಳಿ ಒಬ್ಬೊಬ್ಬರ ಹತ್ತಿರ ಹೋಗಿ ಕೇಳುತ್ತಿದ್ದರು: "ಇದರ ತಾಯಿನ್ನ ಎಲ್ಲ್ಯರೆ ನೋಡೀರೇನ್ರಿ?" ಅವರಿಗೆ ಕನ್ನಡ ತಿಳಿಯದು. ಒಬ್ಬ ಹುಡುಗಿ ನಕ್ಕು, "ಆಜೀ, ಖೇಳಣಂ ಆಹೆ ತೆ" ಎಂದು, ಅದು ಆಟಿಕೆಯೆಂದು ಮರಾಠಿಯಲ್ಲಿ ತಿಳಿಸಿ ಹೇಳಲು ನೋಡಿದಳು. ಒಬ್ಬ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದ. ಅವನಿಗೆ ಮರಾಠಿಯಲ್ಲಿ ಎರಡು ಮಾತು ಅಂದೆ, ಇಲ್ಲಿ ಬರೆಯುವಂಥವಲ್ಲ. ಅವನು ಮೊಬೈಲನ್ನು ಜೇಬಿಗಿಳಿಸಿದ.

ಅತ್ತೆ ನನ್ನ ಹತ್ತಿರವೂ ಬಂದರು. ಗುರುತು ಸಿಗಲಿಲ್ಲ. "ಯವ್ವಾ, ನೀನರೆ ನೋಡೀ ಏನ? ಮುಂಜಾನಿಂದ ಹಾಲಿಲ್ಲ ಇದಕ್ಕ."

ಆಟಿಕೆ ಎನ್ನುವ ಮಾತು ಬಾಯಿಯವರೆಗೆ ಬಂತು. ಅವರ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹಿಮ್ಮಡಿ ಒಡೆದು ಡಾಂಬರಿನ ಧೂಳು ಮೆತ್ತಿತ್ತು. ನನಗೆ ವಾದಿಸುವ ಶಕ್ತಿ ಉಳಿದಿರಲಿಲ್ಲ.

"ನೋಡೀನ್ರಿ ಅತ್ತಿ. ಅದರ ತಾಯಿ ಮನ್ಯಾಗ ಬಂದು ನಿಂತೈತಿ. ಬರ್ರಿ, ಹೋಗೂಣು."

ನನಗಿಂತ ಬಿರಬಿರನೆ ನಡೆದರು. ದಾರಿಯಲ್ಲಿ ಗಾಳಿಗೆ ಸೆರಗು ಸರಿದಾಗ ಮರಿ ಸುಮ್ಮನಾಯಿತು. ಅತ್ತೆ ಮತ್ತೆ ಹೊದಿಸಿದರು, ಮತ್ತೆ ಒದರಿತು. ಸರಿದರೆ ಮೌನ, ಹೊದಿಸಿದರೆ ಕೂಗು. ಆಗ ನನಗೆ ಅರ್ಥವಾಯಿತು. ಎದೆಗೆ ಅವುಚಿಕೊಂಡಾಗಲೆಲ್ಲ ಅದರ ಹಣೆಯ ಕಣ್ಣಿಗೆ ಕತ್ತಲಾಗುತ್ತಿತ್ತು, ಸಂಜೆಯಾಯಿತೆಂದು ಅದು ಒದರುತ್ತಿತ್ತು. ಅತ್ತೆ ಸಮಾಧಾನ ಮಾಡಿದಷ್ಟೂ ಅದು ಹೆಚ್ಚು ಅಳುತ್ತಿತ್ತು. ಇಷ್ಟು ದಿನ ಹಗಲೆಲ್ಲ ಇದೇ ನಡೆದಿತ್ತು. ಅತ್ತೆ ಉಪವಾಸ ಬಿದ್ದದ್ದು ಅದಕ್ಕೆ.

ನಾವು ಮನೆಗೆ ಬಂದ ಸ್ವಲ್ಪ ಹೊತ್ತಿಗೆ ನಮ್ಮವರು ಬೇರೆ ದಿಕ್ಕಿನಲ್ಲಿ ಹುಡುಕಿ ಏದುಸಿರು ಬಿಡುತ್ತಾ ಬಂದರು. ಕಣ್ಣು ಕೆಂಪಗಾಗಿತ್ತು. ಅತ್ತೆಯನ್ನು ಒಳಗೆ ಕೂಡಿಸಿ, ನಮ್ಮವರನ್ನು ಪಕ್ಕಕ್ಕೆ ಕರೆದು ಸೆರಗಿನ ವಿಷಯ ಹೇಳಿದೆ. ಹಣೆ ಬಡಿದುಕೊಂಡರು.

"ಈ ದನಿ ಹ್ಯಾಂಗ ತಂದ್ರಿ ನೀವು?" ಎಂದು ಕೇಳಿದೆ.

"ತಾಯಿ ಕಡೆ ಇದ್ದಾಗ ಮರಿ ಒದರಲೇ ಇಲ್ಲ. ಅದಕ್ಕ ಬಳಗದವರು ತಾಯಿನ್ನ ಒಯ್ದು ಹಟ್ಟಿ ಹಿಂದ ಕಟ್ಟಿದರು" ಎಂದವರು ಅಲ್ಲಿಗೇ ನಿಂತರು. ಅದು ತಾಯಿಯನ್ನು ಕರೆಯುವ ಕೂಗೆಂದು ಹೇಳುತ್ತಿರುವಾಗಲೇ ಅವರಿಗೂ ತಿಳಿದಿತ್ತು. ಆಮೇಲೆ, "ಪ್ರೋಗ್ರಾಮಿನ್ಯಾಗ ಎರಡ ಸಾಲ ಬದಲ ಮಾಡಿದ್ರ ಆತು. ಈಗ ಮಾಡ್ತೀನಿ" ಎಂದರು.

"ಏನೂ ಮಾಡಬ್ಯಾಡ್ರಿ. ಬಂದ್ ಮಾಡ್ರಿ ಅದನ್ನ."

ನಮ್ಮವರ ಮುಖ ಸಣ್ಣದಾಯಿತು. ಎಷ್ಟು ದಿನದ ಕೆಲಸ ಅದು. ಆದರೂ ಅತ್ತೆಯ ಮುಂದೆ ಮಂಡಿಯೂರಿ ಕೂತು, "ಕೊಡು ಯವ್ವಾ, ತಾಯಿ ಕಡೆ ಬಿಟ್ಟು ಹಾಲ ಕುಡಿಸಿಕೊಂಡ ಬರ್ತೀನಿ" ಎಂದರು. ಅತ್ತೆ ಕೊಟ್ಟರು. ನಮ್ಮವರು ಪರದೆಯ ಹಿಂದೆ ಹೋಗಿ, ಮರಿಯ ಹೊಟ್ಟೆ ಬಿಚ್ಚಿ ಬ್ಯಾಟರಿ ತೆಗೆದು, ಹೊಲಿದು ತಂದರು. "ಕುಡೀತು ಯವ್ವಾ, ಹೊಟ್ಟಿ ತುಂಬ ಕುಡೀತು."

ಅತ್ತೆ ಅದನ್ನು ಸೆರಗಿನೊಳಗೆ ಮುಚ್ಚಿಕೊಂಡು ಕಾದರು. ಅದರ ಹೊಟ್ಟೆಗೆ ಕಿವಿ ಹಚ್ಚಿದರು. "ಸುಮ್ಮನಾತ ನೋಡ. ತಾಯಿ ಸಿಕ್ಕಿತಂದ್ರ ಮರಿ ಒದರೂದಿಲ್ಲ" ಎಂದರು. ಆಮೇಲೆ ತಾವೇ ತಟ್ಟೆ ಎಳೆದುಕೊಂಡು ಉಂಡರು. ನಮ್ಮವರು ಬ್ಯಾಟರಿಯನ್ನು ಅಂಗೈಯಲ್ಲಿ ಹಿಡಿದುಕೊಂಡು, ತಾಯಿ ಉಣ್ಣುವುದನ್ನೇ ನೋಡುತ್ತಾ ಕೂತರು. ಆಮೇಲೆ ಅಂಗಡಿಯ ಕದ ಎಳೆಯಲು ಎದ್ದು ಹೋದರು.

ಅಂದಿನಿಂದ ಎಲ್ಲ ನೆಟ್ಟಗಾಯಿತು ಅಂತಲ್ಲ. ಆಮೇಲೂ ಅತ್ತೆ ಎದ್ದು ಹೋಗಿದ್ದಾರೆ, ನಾವೂ ಹುಡುಕಿದ್ದೇವೆ. ಆದರೆ ಆ ಸಂಜೆಯ ಮಾತು ಬೇರೆ.

ಎದ್ದು ಹಿಂಬಾಗಿಲಿಗೆ ಬೀಗ ಹಾಕಬೇಕಿತ್ತು. ಚೀಲ ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿದವಳಿಗೆ ಏಳಲಾಗಲಿಲ್ಲ. ಬಾಗಿಲು ಪೂರ್ತಿ ತೆರೆದಿತ್ತು, ಹೊರಗೆ ಬೆಳಕು ಇಳಿಯುತ್ತಿತ್ತು. ಅದು ಅತ್ತೆ ಎದ್ದು ಹೊರಡುವ ಹೊತ್ತು. ಅವರು ಹೊರಗೆ ನೋಡಲಿಲ್ಲ, ನನ್ನನ್ನು ನೋಡುತ್ತಿದ್ದರು.

"ಎಲ್ಲಿಂದ ಬಂದೀ ಯವ್ವಾ?"

"ಸೋಲಾಪುರದಿಂದ ರೀ."

"ಭಾಳ ದಣದೀ. ಮಲಕೋ. ನಾ ಎಚ್ಚರ ಅದೀನಿ, ನೋಡ್ಕೋತೀನಿ."

ಎಷ್ಟು ತಿಂಗಳಿಂದ ನಾನು ಅವರನ್ನು ಕಾಯುತ್ತಿದ್ದೆ. ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಇವರನ್ನು ನಂಬಿ ಮಲಗುವುದೆಂದರೆ ಹುಚ್ಚುತನ ಎಂದು ಗೊತ್ತಿದ್ದೂ ಅಲ್ಲಿಯೇ ಚಾಪೆಯ ಮೇಲೆ ಉರುಳಿದೆ. ತಲೆಯ ಕೆಳಗೆ ಚೀಲ, ಚೀಲದೊಳಗಿನ ಬೀಗ ಕಿವಿಗೆ ಒತ್ತುತ್ತಿತ್ತು. ಅದನ್ನು ಸರಿಸುವ ಮೊದಲೇ ನಿದ್ದೆ ಹತ್ತಿತು.

ಎಚ್ಚರವಾದಾಗ ಹೊರಗೆ ಕತ್ತಲಾಗಿತ್ತು, ಬಾಗಿಲು ಇನ್ನೂ ತೆರೆದೇ ಇತ್ತು. ಅತ್ತೆ ಕೂತಲ್ಲಿಂದ ಕದಲಿರಲಿಲ್ಲ. ಒಂದು ಕೈ ಮರಿಯ ಮೇಲಿತ್ತು, ಒಂದು ಕೈ ನನ್ನ ಮೇಲಿತ್ತು.