ರಕ್ತ ಎಷ್ಟು ಇಳಿಯಿತು

ಒಸಡಿನಲ್ಲಿ ಕೀವು ಕಂಡವರ ರಕ್ತವನ್ನೆಲ್ಲ ಪರೀಕ್ಷೆಗೆ ಕಳಿಸುವ ಹುಚ್ಚು ನಮ್ಮ ದೊಡ್ಡ ಡಾಕ್ಟರಿಗೆ ಹಿಡಿದದ್ದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ. ಸುಂಟಿಕೊಪ್ಪದ ಹತ್ತಿರ ಎಸ್ಟೇಟಿನವರು ಕಟ್ಟಿಸಿದ್ದ ಸಣ್ಣ ಆಸ್ಪತ್ರೆ. ರಕ್ತ ಪರೀಕ್ಷೆ ಮಾಡುವವಳು ನಾನೊಬ್ಬಳೇ. ತೆಳು ಗಾಜಿನ ಕೊಳವೆಗೆ ರಕ್ತ ಏರಿಸಿ ನೆಟ್ಟಗೆ ನಿಲ್ಲಿಸಬೇಕು, ಒಂದು ಗಂಟೆಯಲ್ಲಿ ಕೆಂಪು ಎಷ್ಟು ಕೆಳಗಿಳಿಯಿತೆಂದು ನೋಡಬೇಕು. ಹೆಚ್ಚು ಇಳಿದರೆ ಮೈಯಲ್ಲೆಲ್ಲೋ ಉರಿಯೂತ ಇರಬಹುದು. ಎಲ್ಲಿ ಎಂದು ಕೊಳವೆ ಹೇಳುವುದಿಲ್ಲ. ನಮ್ಮ ಡಾಕ್ಟರು ಹೇಳುತ್ತಿದ್ದರು: ಒಸಡಿನಲ್ಲೇ. ಹಲ್ಲು ಕಿತ್ತರೆ ಅಂಕಿ ತಗ್ಗುತ್ತದೆಂದು ಡಾಕ್ಟರುಗಳ ಸಭೆಯಲ್ಲಿ ಪ್ರಬಂಧ ಓದುವ ಆಸೆ ಅವರಿಗೆ.

ಸಂಪಾಜೆ ಕಡೆಯ ಹುಡುಗಿಯೊಬ್ಬಳು ಅತ್ತೆಯ ಜೊತೆ ಬಂದಳು. ಮದುವೆಯಾಗಿ ವರ್ಷವಾಗಿರಲಿಲ್ಲ. ಒಸಡು ಊದಿ, ಮುಟ್ಟಿದರೆ ರಕ್ತ ಬರುತ್ತಿತ್ತು. ಹಲ್ಲು ಮಾತ್ರ ಗಟ್ಟಿಮುಟ್ಟಾಗಿದ್ದವು. ಸೂಜಿ ಚುಚ್ಚುವಾಗ ನನ್ನ ಕಿವಿಯಲ್ಲಿ ಹೇಳಿದಳು: "ಅಕ್ಕ, ನಂಗೆ ಮುಟ್ಟು ನಿಂತುಟು. ಮೂರು ತಿಂಗ ತುಂಬಿಲ್ಲೆ, ಯಾರಿಗೂ ಹೇಳ್ಬೇಡಿ."

ಬಸುರಿಯ ಒಸಡು ಊದುವುದುಂಟು, ಅವಳ ರಕ್ತ ಬೇಗ ಇಳಿಯುವುದೂ ಉಂಟು. ತರಬೇತಿಯಲ್ಲಿ ಓದಿದ್ದೆ. ಆದರೂ ಬಾಯಿ ಬಿಡಲಿಲ್ಲ. ಮೂರು ತಿಂಗಳೊಳಗೆ ಹೊರಗೆ ಹೇಳಿ ಏನಾದರೂ ಆದರೆ ನನ್ನ ತಲೆಗೇ ಬಂದೀತೆಂಬ ಭಯ. ಓದಿದವಳೆಂಬ ಜಂಬಕ್ಕೇನೂ ಕಡಿಮೆಯಿರಲಿಲ್ಲ! ಇಪ್ಪತ್ತರೊಳಗೆ ಇರಬೇಕಾದ ಅಂಕಿ, ನಲವತ್ತು ಎಂದು ಚೀಟಿಯಲ್ಲಿ ಬರೆದು ಕಳಿಸಿದೆ. ಎರಡು ಮೂರು ಸಲ ಕರೆಸಿ ಅವಳ ಕೆಳಗಿನ ಹಲ್ಲಿನ ಸಾಲನ್ನು ಪೂರ್ತಿ ಕಿತ್ತರು.

ಮುಂದಿನ ತಿಂಗಳು ಅಂಕಿ ಇನ್ನೂ ಏರಿತ್ತು. ಆಗ ತಡೆಯಲಾರದೆ ಡಾಕ್ಟರ ಕೋಣೆಗೆ ಹೋದೆ.

"ಸಾರ್, ಅವಳು ಬಸುರಿ. ಅದಕ್ಕೇ ಏರಿರಬೇಕು."

ಅವರು ಚೀಟಿಯಿಂದ ತಲೆ ಎತ್ತಲಿಲ್ಲ. "ಹಾಗಾದ್ರೆ ಮೇಲಿನ ಸಾಲನ್ನೂ ಬೇಗ ತೆಗೀಬೇಕು. ಕೀವು ಮಗುವಿಗೆ ಇಳಿದ್ರೆ ಏನು ಗತಿ? ನೀನು ಅಳೆದು ಕೊಡಮ್ಮ, ಸಾಕು."

ಅಳೆದು ಕೊಟ್ಟೆ. ಬೇರೇನು ಕಿಸಿದೆ ನಾನು? ಅವಳ ಅತ್ತೆಯನ್ನು ಪಕ್ಕಕ್ಕೆ ಕರೆದು ಬೇಡವೆನ್ನಬಹುದಿತ್ತು. ಕೆಲಸ ಹೋದೀತೆಂದು ಸುಮ್ಮನಿದ್ದೆ. ಮೇಲಿನ ಸಾಲೂ ಹೋಯಿತು.

ಹೆರಿಗೆಯಾಗಿ ಕೆಲವು ತಿಂಗಳಾದ ಮೇಲೆ ಡಾಕ್ಟರು ಅವಳನ್ನು ಮತ್ತೆ ಕರೆಸಿದರು. ಅಂಕಿ ಹನ್ನೆರಡಕ್ಕೆ ಬಂದಿತ್ತು. ಬರಲೇಬೇಕಲ್ಲ, ಮಗು ಹೊರಗೆ ಬಂದಾಗಿತ್ತು. ಡಾಕ್ಟರು ಕುಣಿಯುವುದೊಂದು ಬಾಕಿ. ಪ್ರಬಂಧದಲ್ಲಿ ಅವಳದೇ ಮೊದಲ ಉದಾಹರಣೆಯಾಯಿತು, ನಾನು ಬರೆದ ಅಂಕಿಗಳ ಸಮೇತ. ಸಭೆಯಲ್ಲಿ ಚಪ್ಪಾಳೆ ಬಿತ್ತಂತೆ.

ಕೊನೆಯ ಸಲ ರಕ್ತ ಕೊಟ್ಟ ದಿನ ಅವಳು ಮಗುವನ್ನು ಸೊಂಟದಲ್ಲಿಟ್ಟುಕೊಂಡು ನನ್ನ ಮೇಜಿನ ಮುಂದೆ ನಿಂತಿದ್ದಳು. ಇಪ್ಪತ್ತೂ ತುಂಬದವಳ ಕೆನ್ನೆ ಮುದುಕಿಯ ಕೆನ್ನೆಯಂತೆ ಒಳಗೆ ಹೋಗಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕೇಳಿದಳು.

"ಈಗ ನನ್ನ ರಕ್ತ ಸರಿ ಉಟ್ಟಾ ಅಕ್ಕ?"

"ಸರಿ ಇದೆ."

"ಹಂಗಾರೆ ಹಲ್ಲು ತೆಗ್ಸಿದ್ದ್ ಒಳ್ಳೇದೇ ಆತ್, ಅಲ್ಲಾ?"

ಹೌದು ಎಂದೆ.