ನೋರಾ ಮರೆತ ತುಳು

ಲೀಲಾಕ್ಷಿ ಕಾಪುವಿನವಳು. ಗಂಡ ಸಂಕಪ್ಪ ಮೆಸಯೀದಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಶುಕ್ರವಾರ ಮಾತ್ರ ದೋಹಾಕ್ಕೆ ಬರುತ್ತಿದ್ದ. ಅವಳು ೧೯೯೩ರಿಂದ ಅಲ್ಲಿನ ಮದೀನತ್ ಖಲೀಫಾ ಬಡಾವಣೆಯ ವಿಲ್ಲಾವೊಂದರಲ್ಲಿ ಮಗು ನೋಡಿಕೊಳ್ಳುತ್ತಿದ್ದಳು. ಯಜಮಾನ ಡೆಕ್ಲನ್ ಐರ್ಲೆಂಡಿನವನು, ಶಾಲೆಯಲ್ಲಿ ಇತಿಹಾಸದ ಮೇಷ್ಟ್ರು. ಹೆಂಡತಿ ಉರ್ಸುಲಾ ಇಂಗ್ಲೆಂಡಿನವಳು. ಮಗಳು ನೋರಾ ಆಗ ಮೂರು ತಿಂಗಳ ಕೂಸು.

ಸ್ವಂತ ಮಕ್ಕಳಿಲ್ಲದ ಲೀಲಾಕ್ಷಿಗೆ ಕೂಸಿನೊಡನೆ ಇಂಗ್ಲಿಷ್ ಆಡಲು ನಾಲಿಗೆ ಹೊರಳಲಿಲ್ಲ. ತುಳುವಿನಲ್ಲೇ ಮುದ್ದಾಡಿದಳು, ಗದರಿದಳು, ಮಲಗಿಸಿದಳು. ಎರಡೂವರೆ ವರ್ಷಕ್ಕೆ ನೋರಾ ಬೆಕ್ಕನ್ನು 'ಪುಚ್ಚೆ' ಎಂದು ಕರೆಯುತ್ತಿದ್ದಳು. ಒಂದು ದಿನ ತಾಯಿ ಬಾಯಿಗಿಟ್ಟ ಚಮಚವನ್ನು ತಳ್ಳಿ "ಬೊಡ್ಚಿ" ಎಂದಳು.

"ಏನದು?" ಉರ್ಸುಲಾ ಕೇಳಿದಳು.

"ಬೇಡ ಅಂತ, ಮೇಡಂ."

"ಇನ್ನು ಇವಳ ಹತ್ತಿರ ಓನ್ಲಿ ಇಂಗ್ಲಿಷ್. ಬರದಿದ್ದರೆ ಸುಮ್ಮನಿರು."

ಡೆಕ್ಲನ್ ಪೇಪರಿನಿಂದ ತಲೆ ಎತ್ತಲಿಲ್ಲ.

ಲೀಲಾಕ್ಷಿ ಸುಮ್ಮನಾದಳು. ನೋರಾ ಅವಳ ಕೆನ್ನೆ ಹಿಡಿದು "ಲೀಲಕ್ಕ, ಪಣ್ಲ", ಹೇಳು ಹೇಳು, ಎಂದು ಪೀಡಿಸಿದರೂ ಮುಖ ತಿರುಗಿಸಿದಳು. ಮೂರು ತಿಂಗಳಲ್ಲಿ ಮಗು ಅವಳ ಮಡಿಲಿಗೆ ಬರುವುದನ್ನೇ ಬಿಟ್ಟಿತು.

"ಅವರಿಲ್ಲದಾಗ ಮಾತಾಡಬಹುದಲ್ಲ ಮಾರಾಯ್ತಿ?" ಎಂದ ಸಂಕಪ್ಪ.

"ಗೊತ್ತಾದ್ರೆ ಕೆಲಸ ಖಲಾಸ್," ಎಂದಳು.

೧೯೯೭ರಲ್ಲಿ ಆ ಕುಟುಂಬ ಊರಿಗೆ ಹೊರಟಿತು. ಪೆಟ್ಟಿಗೆಗೆ ಪುಸ್ತಕ ತುಂಬುತ್ತಿದ್ದ ಡೆಕ್ಲನ್ ಇದ್ದಕ್ಕಿದ್ದಂತೆ, "ಲೀಲಾ, ಸಾರಿ," ಎಂದ. ಅವಳಿಗೆ ಅರ್ಥವಾಗಲೆಂದು ನಿಧಾನವಾಗಿ ಹೇಳತೊಡಗಿದ. "ಆರುನೂರು ವರ್ಷದ ಹಿಂದೆ ಇಂಗ್ಲಿಷರು ನಮ್ಮ ದೇಶದಲ್ಲೊಂದು ಕಾನೂನು ಮಾಡಿದರು. ಅಲ್ಲಿ ನೆಲೆನಿಂತ ತಮ್ಮವರು ಐರಿಷ್ ಮಾತಾಡಬಾರದು, ಐರಿಷರನ್ನು ಮದುವೆಯಾಗಬಾರದು, ಮಕ್ಕಳನ್ನು ಸಾಕಲು ಐರಿಷ್ ಮನೆಗಳಿಗೆ ಬಿಡಬಾರದು ಅಂತ. ನನ್ನ ಮನೆತನವೂ ಹಾಗೆ ಇಂಗ್ಲೆಂಡಿನಿಂದ ಬಂದು ನಿಂತದ್ದೇ. ಪ್ರತಿ ವರ್ಷ ಇದನ್ನು ಪಾಠ ಮಾಡ್ತೇನೆ. ಉರ್ಸುಲಾ ನಿನ್ನ ಮಾತು ನಿಲ್ಲಿಸಿದ ದಿನ ಮಾತ್ರ ಬಾಯಿ ಬಿಡಲಿಲ್ಲ."

"ಆಮೇಲೆ ಆ ಕಾನೂನು ಏನಾಯ್ತು, ಸರ್?"

"ಹೆಚ್ಚಿನವರು ಕೇಳಲೇ ಇಲ್ಲ. ಸಾಕಿದ ಐರಿಷ್ ಹೆಂಗಸರು ತಮ್ಮ ಮಾತೇ ಕಲಿಸಿದರು. ಆ ಮಕ್ಕಳಲ್ಲಿ ಕೆಲವರು ಐರಿಷಿನಲ್ಲೇ ಪದ್ಯ ಕಟ್ಟಿದರು."

ನೋರಾಳ ಫ್ರಾಕು ಮಡಿಸುತ್ತಿದ್ದ ಲೀಲಾಕ್ಷಿಯ ಕೈ ನಿಂತಿತು. ಆ ಹೆಂಗಸರು ಕೇಳಲಿಲ್ಲ. ತಾನು ಒಂದೇ ಮಾತಿಗೆ ಕೇಳಿಬಿಟ್ಟೆ, ಎಂದುಕೊಂಡಳು.

ಮರುದಿನ ಗೇಟಿನ ಬಳಿ ನೋರಾ, ತಾಯಿ ಹೇಳಿಕೊಟ್ಟಂತೆ, "ಥ್ಯಾಂಕ್ ಯೂ, ಲೀಲಾ," ಎಂದಳು. ಲೀಲಾಕ್ಷಿ ಬಗ್ಗಿ ಕೈಚಾಚಿದಳು. "ಬಲ ಬಾಲೆ," ಬಾ ಮಗೂ, ಎಂದಳು.

ನೋರಾ ತಾಯಿಯತ್ತ ನೋಡಿದಳು. "ಅವಳು ಏನಂತಿದ್ದಾಳೆ, ಮಮ್ಮಿ?"

ಉರ್ಸುಲಾಗೂ ಗೊತ್ತಿರಲಿಲ್ಲ. ಕಾರು ಹೊರಟಿತು.

ಶುಕ್ರವಾರ ಬಂದ ಸಂಕಪ್ಪ, ಬೇರೊಂದು ಮನೆಯಲ್ಲಿ ಮಗು ನೋಡುವ ಕೆಲಸವಿದೆ ಎಂದ. ಲೀಲಾಕ್ಷಿ ಒಪ್ಪಲಿಲ್ಲ. ಆಫೀಸು ಗುಡಿಸುವ ಕೆಲಸಕ್ಕೆ ಸೇರಿಕೊಂಡಳು.